ಎಲೆಯ ಚಿತ್ರ ನಂಬಿದ ಭಾವ

ನಮ್ಮ ಭಾವನಿಗೆ ಜ್ವರದ ಮಾತ್ರೆ ಕೊಟ್ಟು ನೋಡಿ. ಮೊದಲು ಡಬ್ಬಿಯೊಳಗಿನ ಚೀಟಿ ಬಿಡಿಸಿ ಸೈಡ್ ಎಫೆಕ್ಟ್ ಓದುತ್ತಾರೆ. ತಲೆಸುತ್ತು, ವಾಂತಿ, ತುರಿಕೆ. "ಬೇಡ ಮಾರಾಯ, ಎಲ್ಲ ಕೆಮಿಕಲ್" ಎಂದು ಜ್ವರದೊಂದಿಗೇ ಮಲಗುತ್ತಾರೆ.

ಇಂಥ ಭಾವ ಮೊನ್ನೆ ಗ್ಲಿಸರಿನ್ ಕುಡಿದರು!

ಕಾರಣವಿತ್ತು. ಕಲ್ಲಡ್ಕದ ಭಾವ ಹವ್ಯಾಸಿ ತಾಳಮದ್ದಳೆ ಅರ್ಥಧಾರಿ. (ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಯುದ್ಧ.) ಮೂಡುಬಿದಿರೆಯ ಕೂಟದಲ್ಲಿ ಹೆಸರಾಂತ ಅರ್ಥಧಾರಿಯೊಬ್ಬರ ಎದುರು ಕೂರುವ ಅವಕಾಶ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು. ಬೆಳಿಗ್ಗೆ ಎದ್ದರೆ ಗಂಟಲು ಕಟ್ಟಿದೆ. ಸಿರಪ್? ಕೆಮಿಕಲ್. ಆಗ ಕಂಡದ್ದು ಮಗಳು ಮುಖಕ್ಕೆ ಹಚ್ಚಲು ಆನ್‌ಲೈನಿನಲ್ಲಿ ತರಿಸಿದ 'ವೆಜಿಟೆಬಲ್ ಗ್ಲಿಸರಿನ್' ಬಾಟಲಿ. ಮೇಲೆ ಹಸಿರೆಲೆಯ ಚಿತ್ರ. ನೆಕ್ಕಿದರೆ ಸಿಹಿ.

"ವೆಜಿಟೆಬಲ್ ಅಲ್ವಾ, ಎಂತ ಆಗ್ತದೆ?" ಎಂದು ಬಿಸಿನೀರಿಗೆ ಧಾರಾಳವಾಗಿ ಬೆರೆಸಿ, ನನ್ನ ಜೊತೆ ಕಾರಿನಲ್ಲಿ ದಾರಿಯುದ್ದಕ್ಕೂ ಗುಟುಕರಿಸಿದರು. ಬಾಟಲಿಯ ಹಿಂದೆ 'ಚರ್ಮಕ್ಕೆ ಮಾತ್ರ' ಎಂದು ಸಣ್ಣಕ್ಷರದಲ್ಲಿ ಇತ್ತು. ಓದಿದ್ದರೆ ತಾನೆ?

ಗಂಟಲೇನೋ ತೆರೆಯಿತು. ಭಾವನದ್ದು ರಾಯಭಾರಿಯ ಪಾತ್ರ. "ಉತ್ತರ ದೊರೆಯದೆ ಈ ಸಭೆಯಿಂದ ಒಂದು ಹೆಜ್ಜೆಯೂ ಕದಲಲಾರೆ!" ಎಂದು ಗುಡುಗಿದರು. ಚಪ್ಪಾಳೆ. ಮುಂದಿನ ಪದ್ಯ ಮುಗಿಯುವ ಮೊದಲೇ ರಾಯಭಾರಿ ಶಾಲು ಎತ್ತಿಕೊಂಡು ಸಭಾಭವನದ ಹಿಂಬದಿಗೆ ಓಡಿದರು.

ಎದುರಿನ ಹಿರಿಯರು ಒಳ್ಳೆಯವರು. ತಮ್ಮ ಮಾತು ಬೆಳೆಸಿ ಕಾದರು. ಭಾವ ಬಂದರು, ಕೂತರು, ಮತ್ತೆ ಓಡಿದರು. ಕೊನೆಗೆ ಪದ್ಯ ಹೇಳುವ ಭಾಗವತರು ಮಂಗಳ ಹಾಡಿ ಕೂಟವನ್ನೇ ಮುಗಿಸಿಬಿಟ್ಟರು. ನನಗೆ ಉಕ್ಕಿ ಬಂದ ನಗು ಭಾವನ ಮುಖ ನೋಡಿ ನಿಂತಿತು. ಪಾಪ, ಎಷ್ಟು ವರ್ಷ ಕಾದಿದ್ದರು!

ವಾಪಸು ಬರುವಾಗ ಬಂಟ್ವಾಳದಲ್ಲಿ ಡಾಕ್ಟರ ಹತ್ತಿರ ಹೋದೆವು.

"ಕೇಕಿನಲ್ಲಿ, ಸಿರಪ್ಪಿನಲ್ಲಿ ಎಲ್ಲ ಗ್ಲಿಸರಿನ್ ಉಂಟು. ತಿನ್ನಲಿಕ್ಕೆ ಅಂತ ಮಾಡಿದ್ದು ಸ್ವಲ್ಪ ಹೋದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಜಾಸ್ತಿಯಾದರೆ ಕರುಳಿಗೆ ನೀರು ಎಳೀತದೆ, ಭೇದಿ ಆಗ್ತದೆ, ತಲೆನೋವೂ ಬರಬಹುದು. ಚರ್ಮಕ್ಕೆ ಹಚ್ಚುವುದನ್ನಂತೂ ಕುಡಿಯಲೇಬಾರದು, ಅದರಲ್ಲಿ ಬೇರೆ ಎಂತೆಂತ ಉಂಟೋ" ಎಂದರು ಡಾಕ್ಟರು.

"ವೆಜಿಟೆಬಲ್ ಅಂತ ಬರೆದಿತ್ತಲ್ಲ ಡಾಕ್ಟ್ರೇ?"

"ಕಾಸರಕನ ವಿಷದ ಕಾಯಿ ಕೂಡ ಮರದಲ್ಲೇ ಆಗುವುದು ಮಾರಾಯ್ರೇ. ತಿಂತೀರಾ?"

ಭಾವನೊಬ್ಬರನ್ನೇ ನೋಡಿ ನಗುವುದು ಹೇಗೆ? ಮಾತ್ರೆಯ ಚೀಟಿ ತನ್ನ ದೋಷಗಳನ್ನೆಲ್ಲ ತಾನೇ ಒಪ್ಪಿಕೊಳ್ಳುತ್ತದೆ, ಅದಕ್ಕೇ ನಮಗೆ ಅದರ ಮೇಲೆ ಅನುಮಾನ. ಹಸಿರೆಲೆ ಬಾಯಿಯೇ ಬಿಡುವುದಿಲ್ಲ. (ನಮ್ಮ ಮನೆಯ ಶಾಂಪೂ, ಸೋಪು, ಬಿಸ್ಕತ್ತಿನ ಮೇಲೂ ಅದೇ ಎಲೆ. ಮನೆಗೆ ಬಂದು ನೋಡಿದೆ.)

ಕ್ಲಿನಿಕ್ಕಿನಿಂದ ಹೊರಬಂದ ಭಾವ ಡಾಕ್ಟರು ಕೊಟ್ಟ ಓಆರ್‌ಎಸ್ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಾರು ಹತ್ತುವಾಗ ಮೆಲ್ಲಗೆ ಕೇಳಿದರು:

"ಇದರಲ್ಲಿ ಎಲೆಯ ಚಿತ್ರವೇ ಇಲ್ವಲ್ಲ ಮಾರಾಯ, ಕುಡಿಯಬಹುದಾ?"