ಗುಣವಾಗದ ಮೂಗು

ದರ್ಜಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಜಾ ಅಕ್ಕ ಎನ್ನುತ್ತಿದ್ದರು. ಶರ್ಟುಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದೇ ಅವಳ ಕೆಲಸ. ಬಟ್ಟೆಯ ಧೂಳು ಕುಡಿದು ಕುಡಿದು ಮೂಗು ಕಟ್ಟಿ, ಹಣೆಯೊಳಗೆ ಕಲ್ಲು ಕೂತ ಹಾಗೆ ಭಾರ. ಬಗ್ಗಿದರೆ ಸಾಕು, ಜೀವ ಹಿಂಡುವಷ್ಟು ನೋವು. ಏನಾಯಿತೇ ಎಂದು ಕೇಳಲು ಮನೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಒಂದೇ ಕೋಣೆ, ಒಂದೇ ತಟ್ಟೆ.

ಅಂಥ ಹೊತ್ತಿಗೆ ಆಯುರ್ವೇದದ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಶುರುವಾಯಿತು. ಮೂಗಿಗೆ ಎಣ್ಣೆ ಬಿಡುವ ನಸ್ಯದಿಂದ ಸೈನಸ್ ನಿಜಕ್ಕೂ ವಾಸಿಯಾಗುತ್ತದೋ, ಇಲ್ಲ ಬರೀ ಬಾಯಿಮಾತೋ ನೋಡಿಯೇ ಬಿಡುತ್ತೇನೆಂದು ಅಲ್ಲಿನ ಎಳೆ ವಯಸ್ಸಿನ ಡಾಕ್ಟರಮ್ಮ ಹಟ ತೊಟ್ಟಿದ್ದಳು. ಕೆಲವರಿಗೆ ಆಸ್ಪತ್ರೆಯಲ್ಲಿ ಎಣ್ಣೆ, ಉಳಿದವರಿಗೆ ಮನೆಯಲ್ಲೇ ಮೂಗು ತೊಳೆಯಲು ಉಪ್ಪುನೀರು. ಕಾಜಾ ಅಕ್ಕನ ಪಾಲಿಗೆ ಎಣ್ಣೆ ಬಂತು.

ದಾದಿ ಮೊದಲು ಮುಖಕ್ಕೆ ಬೆಚ್ಚಗಿನ ಎಣ್ಣೆ ತಿಕ್ಕುವಳು: ಹುಬ್ಬು, ಕೆನ್ನೆ, ಕಿವಿಯ ಹಿಂದೆ. ಆಮೇಲೆ ಹಬೆ ಕೊಟ್ಟು, ತಲೆ ಹಿಂದಕ್ಕೆ ಬಾಗಿಸಿ ಮೂಗಿಗೆ ಹನಿ ಬಿಡುವಳು. ಮೊದಲ ದಿನ ಆ ಕೈ ಕೆನ್ನೆಗೆ ತಾಗಿದಾಗ ಕಾಜಾ ಅಕ್ಕನಿಗೆ ಅಳುವೇ ಬಂತು. ಎಣ್ಣೆ ಕಣ್ಣಿಗೆ ಹೋಯಿತೆಂದು ಸುಳ್ಳು ಹೇಳಿದಳು.

ಕೆಲವೇ ವಾರಗಳಲ್ಲಿ ಮೂಗು ಹಗುರವಾಯಿತು. ಆದರೆ ಪರೀಕ್ಷೆಯ ನಿಯಮ ನೋಡಿ! ಗುಣವಾಯಿತು ಎಂದವರನ್ನು ನಮಸ್ಕಾರ ಹೇಳಿ ಕಳಿಸುವುದು, ಇಲ್ಲ ಎಂದವರಿಗೆ ಇನ್ನೊಂದು ಸುತ್ತು. ಪಾಪ, ಡಾಕ್ಟರಮ್ಮ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು. ಅವಳು ವಿಚಾರಿಸಿದಾಗಲೆಲ್ಲ ಕಾಜಾ ಅಕ್ಕ ಹಣೆ ಹಿಡಿದುಕೊಂಡು, ಭಾರ ಹಾಗೇ ಇದೆ ಎನ್ನುತ್ತ ಬಂದಳು.

ಒಂದು ಬೆಳಿಗ್ಗೆ ಡಾಕ್ಟರಮ್ಮ ಸಪ್ಪೆ ಮುಖ ಮಾಡಿಕೊಂಡು ಒಳಗೆ ಕರೆದಳು. ಉಪ್ಪುನೀರಿನವರಲ್ಲಿ ಬಹಳ ಜನಕ್ಕೆ ವಾಸಿಯಾಗಿದೆ, ಎಣ್ಣೆಯವರಲ್ಲಿ ಹೆಚ್ಚುಕಡಿಮೆ ಯಾರಿಗೂ ಇಲ್ಲ, ನಸ್ಯದ ಕೋಣೆ ಇವತ್ತಿಗೆ ಮುಚ್ಚುತ್ತದೆ ಎಂದಳು. ಕಾಜಾ ಅಕ್ಕ ಹಣೆ ಹಿಡಿದಿದ್ದ ಕೈಯನ್ನು ಕೆಳಗಿಳಿಸಿದಳು.

"ನಂಗೆ ಯಾವತ್ತೋ ಗುಣ ಆಗಿತ್ತು ಡಾಕ್ಟ್ರೇ. ಸುಳ್ಳು ಹೇಳ್ದೆ."

"ಯಾಕಮ್ಮ?"

"ಇಲ್ಲಿಗೆ ಬಂದ್ರೆ ಒಬ್ರು ಮುಖ ಮುಟ್ತಾರೆ."

ಡಾಕ್ಟರಮ್ಮ ಪರೀಕ್ಷೆಯ ಕಡತ ಮುಚ್ಚಿದಳು. ಸಿಟ್ಟೋ, ಮರುಕವೋ, ಯಾರಿಗೆ ಗೊತ್ತು. ಈಗ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದಷ್ಟೇ ಹೇಳಿದಳು.

ಹೊರಗೆ ಬೆಂಚಿನ ಮೇಲೆ, ಅವಳ ಹಾಗೆಯೇ ಎಣ್ಣೆಗೆ ಬರುತ್ತಿದ್ದ ಮುದಿ ಬಸ್ ಡ್ರೈವರ್ ಕೂತಿದ್ದ. ಇಷ್ಟು ದಿನ ಪಕ್ಕಪಕ್ಕದಲ್ಲಿ ಕಾದರೂ ಇಬ್ಬರೂ ಒಂದು ಮಾತಾಡಿದವರಲ್ಲ. ಇವತ್ತು ಅವನೇ ಬಾಯಿಬಿಟ್ಟು, ನಿಮಗೂ ಗುಣ ಆಗಲಿಲ್ವಾ ಎಂದು ಕೇಳಿದ. ಒಳಗೆ ಒಪ್ಪಿಕೊಂಡದ್ದನ್ನು ಇವನೆದುರು ಹೇಳಲು ಅವಳಿಗೆ ನಾಚಿಕೆಯಾಯಿತು.

"ಇಲ್ಲ" ಎಂದಳು.

"ನಂಗೂ ಇಲ್ಲ" ಎಂದವನು ಬಾಯಿ ಮುಚ್ಚಿ, ಮೂಗಿನಲ್ಲೇ ಸಲೀಸಾಗಿ ಒಂದು ನಿಟ್ಟುಸಿರು ಬಿಟ್ಟ. ಅವಳು ಅದನ್ನು ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ಎದ್ದು ಬೇರೆ ಬೇರೆ ದಾರಿ ಹಿಡಿದರು.