ಅವರೆಕಾಳಿನ ಮೇಲೆ ಉಪವಾಸ ಸತ್ತ ಹುಳ

ಅವರೆಕಾಳಿನ ಮೇಲೆ ಕೂತು ಹಸಿವಿನಿಂದ ಸತ್ತವರನ್ನು ನೀವು ನೋಡಿದ್ದೀರಾ? ಅದೂ ಬೆಂಗಳೂರಿನಲ್ಲಿ?

ನಾನು ನೋಡಿದೆ. ಹೋದ ವಾರ, ಕಗ್ಗದಾಸಪುರದ ನಮ್ಮ ಮನೆಯ ಅಡುಗೆಕಟ್ಟೆ ಮೇಲೆ, ಒಂದು ಹಳೇ ಉಪ್ಪಿನಕಾಯಿ ಬಾಟ್ಲಿಯೊಳಗೆ. ಸತ್ತಿದ್ದು ಹುಳದ ಮರಿಗಳು. ಸುತ್ತಮುತ್ತ ಕಾಳೋ ಕಾಳು. ಒಂದೇ ಒಂದು ಮರಿಯೂ ಬಾಯಿ ಹಾಕಿರಲಿಲ್ಲ. ನಮ್ಮ ದೊಡ್ಡಮ್ಮ ಭೂತಗನ್ನಡಿ ಹಿಡಿದು ನೋಡಿ, ದೇವರ ಮುಂದೆ ನಿಂತವರ ಹಾಗೆ ಎರಡೂ ಕೆನ್ನೆ ಮುಟ್ಟಿಕೊಂಡರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ಆ ನೋಟ ಅಷ್ಟು ಒಳ್ಳೇದಿರಲಿಲ್ಲ.

ದೊಡ್ಡಮ್ಮ ನನ್ನ ಜೊತೆ ಕೆಲಸ ಮಾಡೋರಿಗೆಲ್ಲ ಗೊತ್ತು. ಆಫೀಸಿನ ಪಾರ್ಟಿಗಳಲ್ಲಿ ನಾನು ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸೋದು ಇವರದೇ ದನಿಯಲ್ಲಿ. (ಅವರಿಗೂ ಗೊತ್ತು. ಇನ್ನೂ ರಾಯಲ್ಟಿ ಕೇಳಿಲ್ಲ.) ಕಗ್ಗದಾಸಪುರ ಹಳ್ಳಿಯಾಗಿದ್ದಾಗ ನಮ್ಮದು ರಾಗಿ ಹೊಲ. ಈಗ ರಾಗಿ ಬೆಳೀತಿದ್ದ ಕಡೆ ಬಾಡಿಗೆ ಮನೆಗಳು ಬೆಳೆದಿವೆ. ಫಸಲು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಮಣ್ಣು ಅಂತ ಉಳಿದಿರೋದು ಕೆರೆ ಬೇಲಿಗೆ ಅಂಟಿಕೊಂಡ ಒಂದೇ ಒಂದು ಪಟ್ಟಿ. ಬೈಕ್ ತಿರುಗಿಸೋಕೆ ಹೋದರೆ ಎರಡು ಸಲ ರಿವರ್ಸ್ ತಗೋಬೇಕು, ಅಷ್ಟಗಲ.

ಆ ಪಟ್ಟಿಯಲ್ಲಿ ದೊಡ್ಡಮ್ಮ ಪ್ರತಿ ವರ್ಷ ಅವರೆ ಹಾಕ್ತಾರೆ. ಚಳಿ ಬಿದ್ದ ಕೂಡಲೇ ಸೊಗಡು ಮೆತ್ತಿಕೊಂಡ ಕಾಯಿ ಚೀಲಗಳಲ್ಲಿ ಹೊರಡುತ್ತೆ. ಹಲಸೂರಿನ ಅತ್ತೆ ಮನೆಗೊಂದು, ಕೆ.ಆರ್. ಪುರದ ಅಕ್ಕನ ಮನೆಗೊಂದು, ಜೀವನ್ ಬಿಮಾ ನಗರದ ಮಾವನಿಗೊಂದು. ಚೀಲ ಬರಲಿಲ್ಲ ಅಂದರೆ ದೊಡ್ಡಮ್ಮ ಮಾತು ಬಿಟ್ಟಿದ್ದಾರೆ ಅಂತ ಅರ್ಥ. ನಮ್ಮ ವಂಶದ ರಾಜತಾಂತ್ರಿಕ ಸಂಬಂಧ ನಡೀತಿರೋದೇ ಅವರೆಕಾಯಿ ಮೇಲೆ.

ಆ ಪಟ್ಟಿಗೆ ಇಬ್ಬರು ಶತ್ರುಗಳು.

ಒಬ್ಬ ಬ್ರೋಕರ್. ಇಂದಿರಾನಗರದಲ್ಲಿ ಆಫೀಸು, ಕಿವಿಯಲ್ಲಿ ಸದಾ ಬ್ಲೂಟೂತು. 'ಬ್ರದರ್, ಜಾಗ ಸುಮ್ನೆ ವೇಸ್ಟ್ ಆಗಿ ಬಿದ್ದಿದೆ ಬ್ರದರ್. ಪಕ್ಕದ ಸೈಟ್ ಜೊತೆ ಸೇರಿಸಿ ಪಿ.ಜಿ. ಎತ್ತಿಬಿಡೋಣ ಬ್ರದರ್. ನೀವು ಜಸ್ಟ್ ಎಸ್ ಅನ್ನಿ.' ಇವನ ದನಿಯನ್ನೂ ನಾನು ಸೊಗಸಾಗಿ ಮಾಡ್ತೀನಿ. ಮನೆಯವರೆಲ್ಲ ನಗ್ತಾರೆ. ನಾನು ಎಸ್ ಅಂದಿಲ್ಲ. ನೋ ಅಂತಲೂ ಅಂದಿಲ್ಲ ಅನ್ನೋದು ನಿಮ್ಮ ನನ್ನ ನಡುವೆ ಇರಲಿ.

ಇನ್ನೊಂದು ಶತ್ರು ಸುಬಾಬುಲ್ ಮರ. ನೀವು ನೋಡಿರ್ತೀರಿ. ಖಾಲಿ ಸೈಟು, ರೈಲ್ವೆ ಹಳಿ ಪಕ್ಕ, ಕೆರೆ ಏರಿ, ಎಲ್ಲಿ ಯಾರೂ ಕೇಳೋರಿಲ್ಲವೋ ಅಲ್ಲೆಲ್ಲ ಅದೇ. ಹುಣಸೆ ಥರ ಸಣ್ಣ ಎಲೆ, ಪೌಡರ್ ಪಫ್ ಥರ ಬಿಳಿ ಹೂವು, ಚಪ್ಪಟೆ ಕಂದು ಕಾಯಿ ಗೊಂಚಲು ಗೊಂಚಲು. ದೂರದ ಮೆಕ್ಸಿಕೋ ಕಡೆಯದಂತೆ. ಒಂದು ಕಾಲದಲ್ಲಿ ಇದನ್ನು ಕರೆದು ಕರೆದು ಹಂಚಿದರು. ಮೇವೂ ಆಗುತ್ತೆ, ಸೌದೆಯೂ ಆಗುತ್ತೆ ಅಂತ. ನಮ್ಮ ದೊಡ್ಡಪ್ಪ ಇದ್ದಾಗ, ಬಿಟ್ಟಿ ಸಿಕ್ಕಿತಲ್ಲ ಅಂತ, ಬೇಲಿಗುಂಟ ಒಂದು ಸಾಲು ನೆಟ್ಟರು. ಮರಗಳು ದೊಡ್ಡಪ್ಪನ ಮಾತು ಉಳಿಸಿಕೊಂಡವು. ಉಳಿಸಿಕೊಂಡು, ಬೀಜ ಸಿಡಿಸಿ ಸಿಡಿಸಿ ಅವರೆ ಪಟ್ಟಿಯ ತುಂಬ ಸಸಿ ಎಬ್ಬಿಸಿದವು. ಕಡಿದರೆ ಒಂದಕ್ಕೆ ನಾಲ್ಕು ಚಿಗುರು. ಕಿತ್ತರೆ ಮುಂದಿನ ಮಳೆಗೆ ಮತ್ತೆ ಹಾಜರು. ಬಿಟ್ಟರೆ ಅವರೆ ಬಳ್ಳಿಗೆ ಬಿಸಿಲೇ ಇಲ್ಲ.

'ನಿಮ್ ದೊಡ್ಡಪ್ಪ ನೆಟ್ಬಿಟ್ಟು ಹೊಂಟೋದ್ರು. ನಾನು ಕೀಳ್ತಾ ಕೂತಿವ್ನಿ' ಅಂತಾರೆ ದೊಡ್ಡಮ್ಮ. ಎಪ್ಪತ್ತು ದಾಟಿದ ಸೊಂಟ. ಹೋದ ಮಳೆಗಾಲದಲ್ಲಿ ಸಸಿ ಕೀಳಲು ಬಗ್ಗಿದವರು ಅಲ್ಲೇ ಕೂತುಬಿಟ್ಟರು, ಏಳೋಕಾಗಲಿಲ್ಲ. ಎತ್ತಿ ಮನೆಗೆ ತಂದಾಗ ಅವರು ಹೇಳಿದ್ದು ಇಷ್ಟೇ: 'ಬರೋ ವರ್ಷ ಹಿಂಗೇ ಆದ್ರೆ ಅವರೆ ಹಾಕಲ್ಲ ಕಣೋ.'

ದೊಡ್ಡಮ್ಮ ಅವರೆ ಹಾಕಲ್ಲ ಅಂದರೆ ಪಟ್ಟಿ ಖಾಲಿ. ಪಟ್ಟಿ ಖಾಲಿ ಅಂದರೆ ಬ್ರೋಕರ್.

ಮರಾನೇ ಬುಡಸಮೇತ ಕೀಳಿಸೋಣ, ಜೆಸಿಬಿ ಕರೆಸ್ತೀನಿ ಅಂದೆ. ಸುದ್ದಿ ಕೇಳಿ ಮೊದಲು ಓಡಿ ಬಂದವರು ಬಾಷಾ ಭಾಯ್. ಶಿವಾಜಿನಗರದಲ್ಲಿ ಅವರ ಅಣ್ಣತಮ್ಮಂದಿರಿಗೆ ವ್ಯಾಪಾರ, ಇವರಿಗೆ ನಮ್ಮ ಹಿಂದಿನ ಬೀದಿಯಲ್ಲಿ ಮೇಕೆಗಳು. ದಿನಾ ಬೆಳಿಗ್ಗೆ ಸುಬಾಬುಲ್ ಸೊಪ್ಪು ಕೊಯ್ಯೋಕೆ ಬರ್ತಾರೆ.

'ಅರೆ ಅಮ್ಮಾ, ಮರ ಕಿತ್ತಾಕಿಬಿಟ್ರೆ ನಮ್ದು ಬಕ್ರಿ ಏನು ತಿನ್ನಬೇಕು? ಪಿಜ್ಜಾ ತಿನ್ನಬೇಕಾ?'

'ನಿನ್ ಮೇಕೆ ಸೊಪ್ಪು ತಿನ್ನುತ್ತೆ ಕಣಪ್ಪ, ಸಸಿ ಯಾರು ತಿಂತಾರೆ?'

'ಸಸಿ ಬಕ್ರೀನೇ ತಿನ್ನುತ್ತೆ ಅಮ್ಮಾ! ಬಿಡಲಾ ಒಳಗೆ?'

'ಬಿಡು. ನನ್ ಅವರೆ ಮುಟ್ಟಿದ್ರೆ ಅದನ್ನೂ ಸಾರಿಗೆ ಹಾಕ್ತೀನಿ.'

ಬಾಷಾ ಭಾಯ್ ಮೇಕೆಗಳನ್ನು ನೋಡಿದರು, ದೊಡ್ಡಮ್ಮನ ಮುಖ ನೋಡಿದರು, ಮೇಕೆಗಳ ಹಗ್ಗ ಹಿಂದಕ್ಕೆಳೆದರು.

ಆಗ ಮೆಟ್ಟಿಲಿಳಿದು ಬಂದವರು ಶಶಿಕಲಾ ಮೇಡಂ. ಮಹಡಿ ಮೇಲಿನ ಬಾಡಿಗೆದಾರರು, ಧಾರವಾಡದ ಕಡೆಯವರು, ಕೆಲಸ ಕೀಟಗಳ ಮೇಲಿನ ಸಂಶೋಧನೆ. (ಮನೆ ಬಾಡಿಗೆಗೆ ಕೊಡುವಾಗ ದೊಡ್ಡಮ್ಮ ಕೇಳಿದ್ದ ಒಂದೇ ಪ್ರಶ್ನೆ: 'ಮನೆಗೆ ತರಲ್ಲ ತಾನೆ?')

'ಅಮ್ಮಾರ, ಮರ ಇರ್ಲಿ ಬಿಡ್ರಿ. ಇದರ ಬೀಜ ಅಷ್ಟ ತಿನ್ನೋ ಸಣ್ಣ ದುಂಬಿ ಐತ್ರಿ. ಕಾಯಿ ಮ್ಯಾಲ ತತ್ತಿ ಇಡತೈತಿ, ಮರಿ ಬೀಜ ಕೊರದು ಒಳಗ ಹೋಗಿ ತಿಂದು ಖಾಲಿ ಮಾಡತೈತಿ. ಮರ ಸಾಯಂಗಿಲ್ಲ. ಮಕ್ಕಳಾಗಂಗಿಲ್ಲ, ಅಷ್ಟ.'

'ಫ್ಯಾಮಿಲಿ ಪ್ಲಾನಿಂಗು' ಅಂದೆ ನಾನು. ಬಾಷಾ ಭಾಯ್ ಮುಖ ಅರಳಿತು. ಮೇಕೆಗೆ ಸೊಪ್ಪು, ಪಟ್ಟಿಗೆ ಬಿಸಿಲು.

ಆ ದುಂಬಿಯನ್ನು ವಿಮಾನದಲ್ಲಿ ತರಿಸಬೇಕಾಗೂ ಇಲ್ಲವಂತೆ. ಸುಬಾಬುಲ್ ಹಿಂದೆ ಹಿಂದೆ ವೀಸಾ ಇಲ್ಲದೆ ತಾನೇ ಬಂದು ಸೇರಿಕೊಂಡಿದೆ. ಹುಳ ಹತ್ತಿದ ಕಾಯಿಗಳನ್ನು ಬಲೆ ಚೀಲದಲ್ಲಿ ತುಂಬಿ ನಮ್ಮ ಸಾಲಿನ ಮರಕ್ಕೆ ಕಟ್ಟಬೇಕು, ನೋಡಬೇಕು. ಮೇಡಂಗೂ ಸಂಶೋಧನೆಗೆ ಅಂಥ ಒಂದು ಮರದ ಸಾಲು ಬೇಕಿತ್ತು. ದೊಡ್ಡಮ್ಮ ಹೂಂ ಅಂದರೆ ಆಯ್ತು.

ದೊಡ್ಡಮ್ಮ ಹೂಂ ಅನ್ನಲಿಲ್ಲ.

'ಬೀಜ ತಿನ್ನೋ ಹುಳ. ನಂದೂ ಬೀಜಾನೇ ಅಲ್ವಾ? ನನ್ ಅವರೆ ತಿಂದ್ರೆ?'

'ಇಲ್ರಿ, ಇದಕ್ಕ ಸುಬಾಬುಲ್ ಬಿಟ್ರ ಬ್ಯಾರೆ ಏನೂ ಸೇರಂಗಿಲ್ಲ.'

'ಸೇರಲ್ಲ ಅಂತ ಹುಳ ಬಂದು ನಿನ್ ಕಿವೀಲಿ ಹೇಳ್ತೇನಮ್ಮಾ? ಹೊಟ್ಟೆ ತುಂಬಿದಾಗ ಎಲ್ರೂ ಹಂಗೇ ಅನ್ನೋದು. ಹಸಿದಾಗ ತಾನೆ ಬುದ್ಧಿ ಗೊತ್ತಾಗೋದು?'

ಮೇಡಂ ಜೋರಾಗಿ ನಕ್ಕರು. 'ಲ್ಯಾಬ್‌ನ್ಯಾಗ ನಾವು ನೋಡೂದೂ ಅದನ್ನ ರೀ!' ಅದಕ್ಕೆ ನೋ ಚಾಯ್ಸ್ ಟೆಸ್ಟ್ ಅಂತಾರಂತೆ. ಹುಳವನ್ನು ಬೇರೆ ಬೆಳೆಯ ಜೊತೆ ಕೂಡಿ ಹಾಕೋದು. ಇದನ್ನು ತಿಂದರೆ ಬದುಕು, ಇಲ್ಲದಿದ್ದರೆ ಸಾಯಿ. ಆಗಲೂ ತಿನ್ನಲಿಲ್ಲ ಅಂದರೆ ಪಾಸ್. ಅವರ ಲ್ಯಾಬಲ್ಲಿ ಪಾಸಾಗಿದೆಯಂತೆ. ದೊಡ್ಡಮ್ಮ ಒಪ್ಪಲಿಲ್ಲ. ನಮ್ಮ ಅವರೆ, ನಮ್ಮ ಮನೆ, ನನ್ನ ಕಣ್ಣೆದುರು.

ಕಾಳು ತುಂಬಿಸೋ ಕೆಲಸ ನನಗೆ ಬಂತು. ಬಿತ್ತನೆ ಬೀಜ ಬೂದಿ ಕಲಸಿ ಮಡಕೆಯಲ್ಲಿತ್ತು. ಬೂದಿ ತೊಳೆದು ಒಣಗಿಸೋರು ಯಾರು? ಅಡುಗೆಮನೆ ಡಬ್ಬದಿಂದ ಒಂದು ಹಿಡಿ ಒಣ ಅವರೆ ಬಾಟ್ಲಿಗೆ ಸುರಿದೆ. ಮೇಡಂ ಕೊಟ್ಟ ದುಂಬಿಗಳನ್ನು ಬಿಟ್ಟೆ. ಬಾಯಿಗೆ ಬಟ್ಟೆ ಕಟ್ಟಿದೆ. ವಿಜ್ಞಾನಿ ಥರ ಕೈ ಒರೆಸಿಕೊಂಡೆ.

ಕೆಲವು ವಾರ ಕಳೀತು. ಒಂದು ಬೆಳಿಗ್ಗೆ ಕಾಫಿಗೆ ಅಂತ ಎದ್ದು ಬರ್ತೀನಿ, ಅಡುಗೆಮನೆಯಲ್ಲಿ ದೊಡ್ಡಮ್ಮ ಬಾಟ್ಲಿ ಹಿಡಿದು ನಿಂತಿದ್ದಾರೆ. ಕಾಳಿನ ತುಂಬ ದುಂಡು ದುಂಡು ತೂತು. ಬಾಟ್ಲಿ ಗೋಡೆ ಮೇಲೆ ಹೊಸ ಹುಳಗಳ ಮಾರ್ನಿಂಗ್ ವಾಕ್.

'ನೋಡ್ದಾ? ತಿಂತು! ಬಾಡಿಗೆಗೆ ಬಂದೋರ ಮಾತು ನಂಬಿ ನನ್ ಪಟ್ಟಿ ಕಳ್ಕೊಳ್ತಿದ್ದೆ! ಕರಿಯೋ ಅವಳ್ನ!'

ಮೇಡಂ ಬಂದರು. ಮುಖ ಬಾಡಿತ್ತು. ಅವರಿಗೆ ಈ ಸಾಲೂ ಹೋಯಿತು, ಮನೆಯೂ ಹೋಯಿತು ಅನ್ನಿಸಿರಬೇಕು. ಭೂತಗನ್ನಡಿ ತೆಗೆದು ನೋಡಿದರು. ಮತ್ತೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು: 'ಕಾಳು ಎಲ್ಲಿಂದ ತಗೊಂಡ್ರಿ?'

'ಡಬ್ಬದಿಂದ.'

'ಆ ಡಬ್ಬ ತರ್ರಿ.'

ಡಬ್ಬ ತೆಗೆದರೆ ಅಲ್ಲೂ ಅದೇ ತೂತು, ಅದೇ ಹುಳ. ಮೇಡಂ ತಂದ ದುಂಬಿಗಳು ಬಾಟ್ಲಿ ತಳದಲ್ಲಿ ಎಂದೋ ಸತ್ತು ಬಿದ್ದಿದ್ದವು. ಓಡಾಡ್ತಿದ್ದ ಹೊಸಬರು ಯಾರು ಅಂದಿರಾ? ನಮ್ಮನೆಯವರೇ! ಕಾಳಿನೊಳಗೆ ಮೊದಲೇ ಸಂಸಾರ ಹೂಡಿ, ನಾನು ಸುರಿಯುವಾಗ ಜೊತೆಗೇ ಬಂದವರು.

ನಮ್ಮೂರಿನ ವರಸೆಯೇ ಇದಲ್ಲವಾ? ನೀರು ಬರಲಿಲ್ಲ, ಕರೆಂಟು ಹೋಯಿತು, ಪಾರ್ಕಿಂಗ್ ಸಿಗಲಿಲ್ಲ. ಯಾರ ತಪ್ಪು? ಮೊನ್ನೆ ಬಂದವನದು. ಬೈಯಪ್ಪನಹಳ್ಳಿಯಲ್ಲಿ ರೈಲಿಳಿದು, ಬ್ಯಾಗ್ ಹೊತ್ತು ರೂಮ್ ಹುಡುಕುತ್ತಾ ನಿಂತವನದು. ನಮ್ಮ ಡಬ್ಬದ ಮುಚ್ಚಳ ನಾವು ಯಾವತ್ತು ತೆಗೆದು ನೋಡಿದ್ದೀವಿ ಹೇಳಿ?

ಎರಡನೇ ಸಲ ನನ್ನನ್ನು ಪ್ರಯೋಗದಿಂದ ಕೈಬಿಟ್ಟರು. ಮೇಡಂ ಒಳ್ಳೆ ಕಾಳು ಆರಿಸಿ, ಒಳಗೆ ಯಾರಾದರೂ ಅಡಗಿದ್ದರೆ ಸಾಯಲಿ ಅಂತ ಫ್ರೀಜರಿನಲ್ಲಿಟ್ಟರು. (ನನ್ನ ಐಸ್ ಕ್ರೀಮಿಗೆ ಸ್ಥಳಾಂತರ.) ಈ ಸಲ ಮೂರು ಬಾಟ್ಲಿ. ಮೇಡಂ ಇಂಗ್ಲಿಷಿನಲ್ಲಿ ಚೀಟಿ ಬರೆದು ಅಂಟಿಸಲು ಹೋದರು. ದೊಡ್ಡಮ್ಮ ತಡೆದು, ದೇವರ ಮನೆಯಿಂದ ತಟ್ಟೆ ತಂದರು. ಬರೀ ಅವರೆ ಇದ್ದ ಬಾಟ್ಲಿಗೆ ಅರಿಶಿನ. ಅವರೆ ಜೊತೆ ದುಂಬಿ ಇದ್ದದ್ದಕ್ಕೆ ಕುಂಕುಮ. ಸುಬಾಬುಲ್ ಬೀಜದ ಜೊತೆ ದುಂಬಿ ಇದ್ದದ್ದಕ್ಕೆ ವಿಭೂತಿ. ಮೂರೂ ಸಾಲಾಗಿ ಕೂತವು. ಮಂಗಳಾರತಿ ಒಂದು ಬಾಕಿ.

ಹೋದ ವಾರ ತೀರ್ಪು ಬಂತು. ವಿಭೂತಿ ಬಾಟ್ಲಿ: ಬೀಜವೆಲ್ಲ ಜರಡಿ, ಹೊಸ ದುಂಬಿಗಳ ಜಾತ್ರೆ. ಅರಿಶಿನ: ಕಾಳು ಸ್ವಚ್ಛ. ಕುಂಕುಮ: ಗತಿಯಿಲ್ಲದ ತಾಯಂದಿರು ಕಾಳಿನ ಮೇಲೆ ನಾಲ್ಕು ಮೊಟ್ಟೆ ಇಟ್ಟಿದ್ದರು. ಒಡೆದು ಬಂದ ಮರಿಗಳು ಅಲ್ಲೇ ಸತ್ತಿದ್ದವು. ಒಂದು ಕಾಳಿಗೂ ತೂತಿಲ್ಲ.

'ಪ್ರಾಣ ಹೋದ್ರೂ ಬಾಯಿಗೆ ಹಾಕ್ಲಿಲ್ವಲ್ಲೋ' ಅಂದರು ದೊಡ್ಡಮ್ಮ. ಆಮೇಲೇ ನನ್ನ ಕಡೆ, ಮೊದಲೇ ಹೇಳಿದೆನಲ್ಲ, ಆ ನೋಟ.

ನನಗೆ ಚುರುಕ್ ಅಂತು. ನಾವೆಲ್ಲ ಏನು? ಸಿಕ್ಕಿದ್ದು ತಿನ್ನೋರು. ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಈ ಕಡೆ ಹುಟ್ಟಿದವರಿಗೆ ಅದೇ ಹೆಮ್ಮೆ. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ದಖನಿ, ಆಫೀಸಿನಲ್ಲಿ ಇಂಗ್ಲಿಷು, ಆಟೋದಲ್ಲಿ ಬೈಗುಳ. ನಾನಂತೂ ಎಲ್ಲರ ದನಿ ನುಂಗಿ ಹೊಟ್ಟೆ ಹೊರೆಯುವ ಹುಳ. ಹಾಗೆ ಬದುಕೋದು ತಪ್ಪಲ್ಲ, ಬಿಡಿ. ಆದರೆ ನಂಬಿ ಬೇಲಿಯೊಳಗೆ ಬಿಟ್ಟುಕೊಳ್ಳುವಾಗ ಯಾರನ್ನು ಬಿಟ್ಟುಕೊಳ್ತೀರಿ? ಎಲ್ಲಾ ತಿನ್ನೋನನ್ನಾ, ಒಂದೇ ತಿನ್ನೋನನ್ನಾ?

ದೊಡ್ಡಮ್ಮ ಹೂಂ ಅಂದರು. ಭಾನುವಾರ ಬಾಷಾ ಭಾಯ್ ಏಣಿ ಹಿಡಿದು ಬಂದು, ಹುಳದ ಕಾಯಿ ತುಂಬಿದ ಚೀಲಗಳನ್ನು ಮರಗಳಿಗೆ ಕಟ್ಟಿದರು. ಮೇಡಂ ಕೆಳಗೆ ನಿಂತು, ಎಡಕ್ಕ ರೀ, ಬಲಕ್ಕ ರೀ ಅಂತಿದ್ದರು. ಮೊದಲ ಮಳೆ ಬಿದ್ದು ಪಟ್ಟಿ ಹದವಾಗಿತ್ತು.

'ಇನ್ ಮ್ಯಾಲೆ ಸಸಿ ಬರಲ್ವಾ?' ಕೇಳಿದರು ದೊಡ್ಡಮ್ಮ.

ಮೇಡಂ ಸುಳ್ಳು ಹೇಳಲಿಲ್ಲ. 'ಹೊಸಾ ಬೀಜ ಕಡಿಮಿ ಆಗತಾವ್ರಿ. ಆದ್ರ ಮಣ್ಣಾಗ ಹಳೇ ಬೀಜ ಅದಾವಲ್ಲ, ಅವು ಇನ್ನೂ ಭಾಳ ವರ್ಷ ಮೊಳೀತಾವು. ಕೀಳಾಕ ಬೇಕು.'

'ಹಂಗಾದ್ರೆ ನನ್ ಕಾಲಕ್ಕೆ ಮುಗಿಯೋ ಕೆಲಸ ಅಲ್ಲ' ಅಂದರು ದೊಡ್ಡಮ್ಮ. ಬೇಜಾರಾಗಲಿಲ್ಲ. ಸೆರಗು ಸಿಕ್ಕಿಸಿ, ಬೂದಿ ಮೆತ್ತಿದ ಅವರೆ ಬೀಜ ಮಡಿಲಿಗೆ ಹಾಕಿಕೊಂಡರು. ಅಂದರೆ ಈ ವರ್ಷ ಅವರೆ ಉಂಟು. ಅತ್ತೆ, ಅಕ್ಕ, ಮಾವ ಎಲ್ಲರೂ ನೆಮ್ಮದಿಯ ಉಸಿರು ಬಿಡಬಹುದು. ಬಗ್ಗಿ ಸಸಿ ಕೀಳೋ ಕೆಲಸ ನನಗೆ. ಕಿತ್ತೆ. ಅರ್ಧ ಸಾಲಿಗೇ ನನ್ನ ಸೊಂಟವೂ ಎಪ್ಪತ್ತು ದಾಟಿತು.

ಆಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬ್ರೋಕರ್. 'ಬ್ರದರ್, ಜಸ್ಟ್ ಎಸ್ ಅನ್ನಿ ಬ್ರದರ್' ಅಂತ ಅವನ ದನಿಯನ್ನೇ ಮಾಡಿ ತೋರಿಸಿದೆ. ಬಾಷಾ ಭಾಯ್ ಏಣಿ ಮೇಲೇ ಬಿದ್ದು ಬಿದ್ದು ನಕ್ಕರು. ಮೇಡಂ ನಕ್ಕರು.

ದೊಡ್ಡಮ್ಮ ನಗಲಿಲ್ಲ. ಒಂದು ಬೀಜ ಊರಿ, ಮಣ್ಣು ಎಳೆದು, ತಲೆ ಎತ್ತದೆ ಕೇಳಿದರು:

'ಹುಳ ಪಾಸಾಯ್ತು. ನಾನಿಲ್ದಾಗ ಈ ಪಟ್ಟೀನ ನೀನು ತಿಂತೀಯೋ ಇಲ್ವೋ ತಿಳ್ಕೊಳಕ್ಕೆ, ನಿನ್ನ ಯಾವ ಬಾಟ್ಲಿಗೆ ಹಾಕಿ ನೋಡ್ಲಿ?'