ಎಡಗಡೆಯ ಎರಡು ಟೈರುಗಳು

ಪ್ರಯಾಣಕ್ಕೆ ಹೊರಡುವ ಮುನ್ನ ಕಾರಿನ ಟೈರನ್ನು ಒಮ್ಮೆ ಒದ್ದು ನೋಡುವ ಅಭ್ಯಾಸ ನಿಮಗೂ ಇರಬಹುದು. ಒದ್ದರೆ ಏನು ತಿಳಿಯುತ್ತದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೂ ಹನ್ನೆರಡು ವರ್ಷಗಳಿಂದ ನಮ್ಮ ಪುಟ್ಟ ಕಾರಿನ ಮುಂದಿನ ಬಲ ಚಕ್ರಕ್ಕೆ ನನ್ನ ಈ ಪಾದಸೇವೆ ತಪ್ಪದೆ ಸಲ್ಲುತ್ತ ಬಂದಿದೆ. ಒದ್ದು, ಗಂಭೀರವಾಗಿ ತಲೆಯಾಡಿಸಿ, ಬಾಗಿಲು ತೆಗೆದು ಕೂರುತ್ತಿದ್ದೆ. ಉಳಿದ ಮೂರು ಚಕ್ರಗಳ ಯೋಗಕ್ಷೇಮ ದೇವರಿಗೆ ಬಿಟ್ಟದ್ದು. ಎಡಗಡೆಗೆ ಸುತ್ತಿ ಹೋಗಿ ನೋಡಿದ ನೆನಪೇ ಇಲ್ಲ. ಅದು ನನ್ನ ಹೆಂಡತಿ ಗಿರಿಜೆ ಕೂರುವ ಕಡೆ, ಆ ಬಾಗಿಲನ್ನು ಅವಳೇ ತೆಗೆದು ಹತ್ತುತ್ತಾಳೆ.

ನಂಜನಗೂಡಿನಲ್ಲಿ ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿ ನಿವೃತ್ತನಾದ ನನಗೆ ಉಳಿದಿರುವ ದಿಗ್ವಿಜಯ ಒಂದೇ. ಹದಿನೈದು ದಿನಕ್ಕೊಮ್ಮೆ ಟಿ. ನರಸೀಪುರದಲ್ಲಿರುವ ಗಿರಿಜೆಯ ಅಕ್ಕನ ಮನೆಗೆ ಕಾರು ಓಡಿಸಿಕೊಂಡು ಹೋಗುವುದು, ಊಟ ಮಾಡುವುದು, ಹೊತ್ತು ಮುಳುಗುವುದರೊಳಗೆ ಹಿಂದಿರುಗುವುದು. ನಗಬೇಡಿ. ಹಾಜರಿ ಕೂಗಲು ತರಗತಿಯಿಲ್ಲದವನಿಗೆ, ತನ್ನ ಮಾತು ಕೇಳುವ ವಸ್ತುವೊಂದು ಲೋಕದಲ್ಲಿ ಇನ್ನೂ ಇದೆ ಎಂಬ ಸಮಾಧಾನ ಸ್ಟೀರಿಂಗ್ ಹಿಡಿದಾಗ ಮಾತ್ರ ಸಿಗುತ್ತಿತ್ತು. ಅದೂ ಕೈಬಿಟ್ಟರೆ ನಾನು ಯಾರು ಎಂಬ ಭಯ ಒಳಗೊಳಗೇ ಇತ್ತು.

ಕಳೆದ ತಿಂಗಳು ಟೈರು ಬದಲಿಸುವ ಕಾಲ ಬಂತು. ಸಾಮ್ರಾಜ್ಯವೊಂದರ ಪತನಕ್ಕೆ ಐದು ಕಾರಣಗಳನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲ ನಾನು, ಒಂದು ಟೈರನ್ನು ಆರಿಸಲು ಒಂದೂ ಕಾರಣ ತೋಚದೆ ಎರಡು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಎದುರು ಮನೆಯವರು ಅಗಲವಾದದ್ದು ಹಾಕಿಸಿ ಎಂದರು, ವಾಕಿಂಗಿನ ಸ್ನೇಹಿತರು ಅಗಲವಾದರೆ ಪೆಟ್ರೋಲು ಕುಡಿಯುತ್ತದೆ ಎಂದರು. ಈ ಅಧ್ಯಯನದಲ್ಲಿ ನನಗೆ ದಕ್ಕಿದ ಜ್ಞಾನವೆಂದರೆ, ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ಕೆತ್ತಿರುತ್ತಾರೆ ಎಂಬುದು. ಶಾಸನ ಓದುವ ಯೋಗ ಇಳಿವಯಸ್ಸಿನಲ್ಲಿ ಹೀಗೆ ಬಂತಲ್ಲ ಎಂದು ಹಿಗ್ಗಿ, ಗಿರಿಜೆಯನ್ನೂ ಕೂರಿಸಿಕೊಂಡು ಹುಲ್ಲಹಳ್ಳಿ ರಸ್ತೆಯಲ್ಲಿರುವ ಮಹದೇವುವಿನ ಟೈರಂಗಡಿಗೆ ಹೋದೆ.

ಅಂಗಡಿಯಲ್ಲಿ ನಾನು ಕುಕ್ಕರುಗಾಲಿನಲ್ಲಿ ಕೂತು ಹೊಸ ಟೈರುಗಳ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರೆ, ಮಹದೇವು ನನ್ನ ಹಳೆಯ ಟೈರುಗಳನ್ನು ಬಿಚ್ಚಿ ಸಾಲಾಗಿ ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನೋಡುತ್ತ ನಿಂತ. ನಮ್ಮಿಬ್ಬರಲ್ಲಿ ನಿಜವಾದ ಚರಿತ್ರೆಕಾರ ಅವನೇ ಎಂದು ಆಮೇಲೆ ತಿಳಿಯಿತು.

"ಸಾ, ಬಲಗಡೆ ಎರಡೂ ನೀಟಾಗವೆ. ಎಡಗಡೆ ಟೈರು ಎರಡಕ್ಕೂ ಪಕ್ಕದ್ ಗೋಡೆ ಎಲ್ಲಾ ಉಜ್ಜೋಗದೆ, ನೋಡಿ. ಕಲ್ಲಿಗೆ ತಾಗ್ಸಿದೀರಿ, ಒಂದ್ಸಲ ಅಲ್ಲ."

ರಸ್ತೆಯನ್ನು ಬೈದೆ, ಚರಂಡಿಯ ಅಂಚುಗಲ್ಲನ್ನು ಬೈದೆ, ಪುರಸಭೆಯನ್ನು ಬೈಯಲು ಹೊರಟಿದ್ದೆ. ಅವನು ತಡೆದ.

"ಬೇಜಾರ್ ಮಾಡ್ಕಬೇಡಿ ಸಾ. ನಮ್ಮಪ್ಪ ಟೆಂಪೋ ಓಡುಸ್ತಿತ್ತು. ಅದ್ರ ಟೈರೂ ಇಂಗೇ ಒಂದೇ ಕಡೆ ಉಜ್ಜೋಗಿತ್ತು. ಕೊನ್ಗೆ ನೋಡುದ್ರೆ ನಮ್ಮಪ್ಪಂಗೆ ಆ ಕಡೆ ಕಣ್ಣೇ ಕಾಣ್ತಿರ್ನಿಲ್ಲ. ಎಡಗಣ್ಣು ಒಂದ್ಸಲ ಡಾಕ್ಟ್ರಿಗೆ ತೋರ್ಸ್ಬುಡಿ."

ನಾನು ಗಿರಿಜೆಯ ಮುಖ ನೋಡಲಿಲ್ಲ. ಅವನು ಹೇಳಿದ್ದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಮೂರು ತಿಂಗಳ ಹಿಂದೆ, ಒಬ್ಬನೇ ಹೋಗುತ್ತಿದ್ದ ಒಂದು ಬೆಳಗ್ಗೆ, ಡೇರಿಗೆ ಹಾಲಿನ ಕ್ಯಾನು ಹಿಡಿದು ರಸ್ತೆಯ ಎಡಕ್ಕೆ ನಡೆಯುತ್ತಿದ್ದ ವೃದ್ಧರೊಬ್ಬರ ಕೈಗೆ ನನ್ನ ಕಾರಿನ ಕನ್ನಡಿ ತಗುಲಿತ್ತು. ಹಾಲೆಲ್ಲ ಟಾರಿನ ಮೇಲೆ ಹರಿಯಿತು. ಪುಣ್ಯಕ್ಕೆ ಅವರಿಗೆ ಪೆಟ್ಟಾಗಲಿಲ್ಲ. "ಇಷ್ಟ್ ದಪ್ಪ ಮನ್ಸ ಕಾಣ್ನಿಲ್ವಾ ಸಾ?" ಎಂದಷ್ಟೇ ಕೇಳಿದರು. ನಿಜವಾಗಿಯೂ ಕಾಣಿಸಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ಅವರಿಗೆ ಹೇಳಿದೆ, ನನಗೂ ಹೇಳಿಕೊಂಡೆ, ಗಿರಿಜೆಗೆ ಏನನ್ನೂ ಹೇಳಲಿಲ್ಲ. ಅವತ್ತು ಮೋಡ ಕವಿದಿತ್ತು.

ಅದನ್ನೆಲ್ಲ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅವಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡಳು.

"ಹಾಲಿನ ವಿಷ್ಯ ಗೊತ್ತಿರ್ಲಿಲ್ಲ. ಕಣ್ಣಿನ ವಿಷ್ಯ ಗೊತ್ತಿತ್ತು ಕಣ್ರೀ. ಇಲ್ದಿದ್ರೆ 'ಎಡಗಡೆ ಸೈಕಲ್ಲು, ಎಡಗಡೆ ಹಸು' ಅಂತ ವರ್ಷದಿಂದ ಯಾಕೆ ಬಡ್ಕೋತಿದ್ದೆ?"

ಹೌದು, ಬಡಿದುಕೊಳ್ಳುತ್ತಿದ್ದಳು. ವಯಸ್ಸಾದಂತೆ ಹೆಂಗಸರಿಗೆ ಮಾತು ಹೆಚ್ಚಾಗುತ್ತದೆ ಎಂದು ನಾನು ರೇಡಿಯೋದ ಸದ್ದು ಏರಿಸುತ್ತಿದ್ದೆ. ಒಂದು ವರ್ಷ ನನ್ನ ಎಡಗಣ್ಣಿನ ಕೆಲಸವನ್ನು ಅವಳು ಮಾಡಿದಳು, ನನಗೆ ಅವಮಾನವಾಗದಂತೆ ಮಾಡಿದಳು. ಅದು ಅರ್ಥವಾದಾಗ ನನಗೆ ಅಲ್ಲಿ ಕೂರಲು ನಾಚಿಕೆಯಾಯಿತು.

ಮೈಸೂರಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಹಾಳಾಗಿದೆ, ಎಡಗಣ್ಣಿನ ನೋಟ ಹೋದದ್ದು ಹೋಯಿತು, ಬಲಗಣ್ಣನ್ನು ಔಷಧಿ ಹಾಕಿ ಉಳಿಸಿಕೊಳ್ಳೋಣ, ಕಾರು ಓಡಿಸುವುದು ಇನ್ನು ಬೇಡ ಎಂದರು. ಮನೆಯ ಮುಂದೆ ಕಾರು ನಾಲ್ಕು ಹೊಸ ಟೈರುಗಳನ್ನು ತೊಟ್ಟು, ಮದುವೆಗೆ ಸಿದ್ಧರಾಗಿ ಕರೆಯೋಲೆ ಬಾರದವರ ಹಾಗೆ ನಿಂತಿತ್ತು.

ಗಿರಿಜೆಗೆ ಕಾರು ಬರುತ್ತದೆ. ನನ್ನ ಜೊತೆಯಲ್ಲೇ ಕಲಿತವಳು, ನನಗಿಂತ ಚೆನ್ನಾಗಿ ಕಲಿತವಳು. ಆದರೆ ಹತ್ತು ವರ್ಷದ ಹಿಂದೆ ನರಸೀಪುರದ ಸೇತುವೆಯ ಮೇಲೆ, ಎದುರಿಗೆ ಬಸ್ಸು ಬಂದಾಗ ನಾನು ಪಕ್ಕದಲ್ಲಿ ಕೂತು 'ಗೇರು! ಬ್ರೇಕು! ಗೇರು!' ಎಂದು ಕಿರುಚಿದ ಪರಿಗೆ, ಸೇತುವೆ ದಾಟಿ ಕಾರು ನಿಲ್ಲಿಸಿ, ಇಳಿದು ಬಂದು ನನ್ನ ಅಂಗೈಯಲ್ಲಿ ಕೀ ಇಟ್ಟವಳು ಮತ್ತೆ ಮುಟ್ಟಿರಲಿಲ್ಲ. ಲೈಸೆನ್ಸನ್ನು ಮಾತ್ರ ನವೀಕರಿಸಿಕೊಂಡಳು. ಯಾತಕ್ಕೆ ಎಂದು ನಾನು ನಕ್ಕಿದ್ದಕ್ಕೆ, ಇರಲಿ ಎಂದಿದ್ದಳು.

ಅಕ್ಕನ ಮನೆಗೆ ಹೋಗುವ ಭಾನುವಾರ ಬಂತು. ಕೀಯನ್ನು ಅವಳ ಕಾಫಿ ಲೋಟದ ಪಕ್ಕದಲ್ಲಿಟ್ಟು, ಹತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಹೇಳಿದೆ.

"ಅವತ್ತು ಸೇತುವೆ ಮೇಲೆ ತಪ್ಪು ನಂದು ಗಿರಿಜ."

ಅವಳು ಕಾಫಿ ಮುಗಿಸಿದಳು. "ಕಿರುಚಿದ್ರೆ ಇಳಿಸಿ ಬಸ್ ಹತ್ತಿಸ್ತೀನಿ," ಎಂದು ಕೀ ತೆಗೆದುಕೊಂಡಳು.

ಹೊರಗೆ ಬಂದವಳು ಕಾರು ಹತ್ತುವ ಮೊದಲು ಮುಂದಿನ ಬಲ ಚಕ್ರವನ್ನು ಒಮ್ಮೆ ಒದ್ದಳು. ಅಲ್ಲಿಗೇ ನಿಲ್ಲದೆ ಸುತ್ತು ಬಂದು ಉಳಿದ ಮೂರನ್ನೂ ಬಗ್ಗಿ ನೋಡಿದಳು. ನಾನು ಹತ್ತು ವರ್ಷಗಳ ನಂತರ ಮೊದಲ ಸಲ ಎಡಗಡೆಯ ಬಾಗಿಲು ತೆಗೆದು ಕೂತೆ. ಅವಳ ದೇಹಕ್ಕೆ ಹೊಂದಿಕೊಂಡಿದ್ದ ಸೀಟು ನನಗೆ ಇಕ್ಕಟ್ಟಾಯಿತು.

ಸೇತುವೆ ಬಂದಾಗ ಎದುರಿನಿಂದ ಬಸ್ಸೂ ಬಂತು. ನಾನು ತುಟಿ ಬಿಗಿ ಹಿಡಿದೆ. ನನ್ನ ಎಡಕ್ಕೆ ಹೊಳೆಯಿರಬೇಕು, ಕಿಟಕಿಯಿರಬೇಕು. ಅತ್ತ ಎಲ್ಲವೂ ಮಬ್ಬು. ಬಲಕ್ಕೆ ತಿರುಗಿದೆ. ಅವಳ ಕಿವಿಯ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗೇರು ಬದಲಿಸುವಾಗ ಕೆಳದುಟಿಯನ್ನು ಸಣ್ಣಗೆ ಕಚ್ಚಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಇವಳು ಕೂತದ್ದು ನನ್ನ ಎಡಕ್ಕೆ, ಕಾಣದ ಕಡೆಗೆ. ಕಾಣುತ್ತಿದ್ದಾಗಲೂ ನಾನು ನೋಡಿದ್ದು ರಸ್ತೆಯನ್ನೇ.

"ಏನ್ರೀ ಹಾಗ್ ನೋಡ್ತಿದೀರಾ? ಎಡಗಡೆ ಉಜ್ಜಿತಾ?" ಎಂದಳು.

ಇಲ್ಲ ಎಂದೆ. ಉಳಿದ ಒಂದು ಕಣ್ಣಿನಿಂದ ನರಸೀಪುರ ಬರುವವರೆಗೂ ಅವಳನ್ನೇ ನೋಡುತ್ತ ಕೂತೆ.